ಕೆರೆಯ ಮಣ್ಣು ಮತ್ತು ಮೇಷ್ಟ್ರ ಪುಸ್ತಕ

ಬಾರ್ಕೂರಿನ ಕೆರೆಯ ಕುರಿತು ಬರೆದಿದ್ದ ಸಂಶೋಧನಾ ಪ್ರಬಂಧವನ್ನು ಹಿಂದಕ್ಕೆ ಪಡೆಯುವಾಗ ‘ಕಾರಣ’ ಎಂಬ ಜಾಗದಲ್ಲಿ ನಾನು ಎರಡೇ ವಾಕ್ಯ ಬರೆದೆ. ಹೂಳಿನ ಪದರಗಳ ಕ್ರಮ ಕದಡಿದೆ. ಕಾಲನಿರ್ಣಯವನ್ನು ನಂಬುವಂತಿಲ್ಲ. ಪತ್ರಿಕೆಯವರಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕಾಲದಲ್ಲಿ ಹವೆ ಎಷ್ಟು ಬಿಸಿಯಿತ್ತು, ಎಷ್ಟು ತಂಪಿತ್ತು ಎಂದು ಮಣ್ಣಿನಿಂದ ಕಂಡುಹಿಡಿಯುವುದು ನನ್ನ ಕೆಲಸ. ಕೆರೆಯ ತಳದಲ್ಲಿ ವರ್ಷದ ಮೇಲೆ ವರ್ಷ ಹೂಳು ಕೂರುತ್ತದೆ. ಮಣ್ಣಿನಲ್ಲಿ ಬದುಕುವ ಕೆಲವು ಸೂಕ್ಷ್ಮಜೀವಿಗಳು ಹವೆಗೆ ತಕ್ಕ ಹಾಗೆ ತಮ್ಮ ಹೊರಪೊರೆಯ ಕೊಬ್ಬನ್ನು ಬದಲಿಸಿಕೊಳ್ಳುತ್ತವೆ. ಜೀವಿ ಸತ್ತ ಮೇಲೂ ಆ ಕೊಬ್ಬು ಹೂಳಿನಲ್ಲಿ ನೂರಾರು ವರ್ಷ ಉಳಿಯುತ್ತದೆ. ಅದನ್ನು ತೆಗೆದು ಅಳೆದರೆ ಆ ಪದರ ಕೂತ ಕಾಲದ ಉಷ್ಣತೆ ಸುಮಾರಾಗಿ ತಿಳಿಯುತ್ತದೆ. ಪದರ ಯಾವ ಕಾಲದ್ದು ಎಂದು ತಿಳಿಯಲು ಅದರಲ್ಲಿ ಸಿಕ್ಕಿದ ಎಲೆಯ ಚೂರನ್ನೋ ಭತ್ತದ ಹೊಟ್ಟನ್ನೋ ಬೇರೊಂದು ಪ್ರಯೋಗಾಲಯಕ್ಕೆ ಕಳಿಸಬೇಕು. ಇದೆಲ್ಲ ನಿಲ್ಲುವುದು ಒಂದೇ ನಂಬಿಕೆಯ ಮೇಲೆ: ಕೆಳಗಿನ ಮಣ್ಣು ಹಳೆಯದು, ಮೇಲಿನದು ಹೊಸದು.

ಬಾರ್ಕೂರನ್ನು ನಾನು ಆರಿಸಿಕೊಂಡದ್ದಕ್ಕೆ ವಿಜ್ಞಾನ ಅರ್ಧ ಕಾರಣ. ನಾನು ಹುಟ್ಟಿ ಬೆಳೆದದ್ದು ಸಾಲಿಗ್ರಾಮದ ಹತ್ತಿರ. ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿದರೆ ಬಾರ್ಕೂರು ಒಂದು ಗಂಟೆಯೊಳಗಿನ ದಾರಿ. ಒಂದು ಕಾಲದ ರಾಜಧಾನಿ ಈಗ ಗದ್ದೆ, ತೆಂಗು, ನಡುನಡುವೆ ಕೆತ್ತಿದ ಕಲ್ಲುಗಳ ಹಳ್ಳಿಯಾಗಿದೆ. ಅಷ್ಟು ದೊಡ್ಡ ಊರು ಖಾಲಿಯಾದ ಕಾಲದಲ್ಲಿ ಹವೆ ಹೇಗಿತ್ತು ಎಂದು ಹೇಳಬಲ್ಲ ಒಂದು ಕೆರೆ ಸಿಕ್ಕರೆ ಎಂಬ ಆಸೆ ನನಗೆ ಬಹಳ ದಿನದಿಂದ ಇತ್ತು.

ಗದ್ದೆಗಳ ನಡುವೆ ಒಂದು ಸಣ್ಣ ಕೆರೆ ಸಿಕ್ಕಿತು. ಜಾಗದ ಯಜಮಾನರು ಮುಂಬೈಯಲ್ಲಿ ಹೋಟೆಲು ನಡೆಸುವವರು. ಫೋನಿನಲ್ಲಿ, “ಧಾರಾಳ ಮಾಡಿ. ಆ ಕೆರೆಯನ್ನ ಯಾರೂ ಮುಟ್ಲಿಲ್ಲೆ,” ಅಂದರು. ಅವರು ಊರು ಬಿಟ್ಟು ನಲವತ್ತು ವರ್ಷವಾಗಿತ್ತು. ನಾನು ಮತ್ತೆ ಯಾರನ್ನೂ ಕೇಳಲಿಲ್ಲ. ನನಗೆ ಬೇಕಾದ ಉತ್ತರ ಸಿಕ್ಕಿತ್ತು.

ಮಾರ್ಚ್ ತಿಂಗಳಲ್ಲಿ ನಾನು ಮತ್ತು ನನ್ನ ಸಹೋದ್ಯೋಗಿ ಅಲ್ಲಿಗೆ ಹೋದೆವು. ಅವಳು ಮೈಸೂರಿನ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಕೆಲಸದಲ್ಲಿ ನನಗಿಂತ ಖಡಕ್ಕು. ನಾಲ್ಕು ನೀಲಿ ಡ್ರಮ್ಮುಗಳ ಮೇಲೆ ಹಲಗೆ ಕಟ್ಟಿ ತೆಪ್ಪ ಮಾಡಿಕೊಂಡೆವು. ಉದ್ದ ಕೊಳವೆಯನ್ನು ಹೂಳಿಗೆ ಇಳಿಸಿ, ಮಣ್ಣು ತುಂಬಿದ ಮೇಲೆ ಎತ್ತಬೇಕು. ಮೊದಲ ದಿನ ಎತ್ತಿದ ಕೊಳವೆ ಖಾಲಿ. ಮಣ್ಣು ಅರ್ಧದಲ್ಲೇ ಜಾರಿಹೋಗಿತ್ತು. ಎರಡನೆಯ ದಿನ ಕೊಳವೆಯೊಳಗೆ ರಬ್ಬರಿನ ಬಿರಡೆ ಕೂರಿಸಿ ಇಳಿಸಿದೆವು; ನಡು ಕೆರೆಯಲ್ಲಿ ತೆಪ್ಪ ನಿಲ್ಲದೆ ಕೊಳವೆ ವಾಲಿತು. ಮೂರನೆಯ ದಿನ ತೆಪ್ಪವನ್ನು ದಂಡೆಯ ಹತ್ತಿರಕ್ಕೆ ಎಳೆದು, ಹಗ್ಗದಿಂದ ಎರಡು ತೆಂಗಿನ ಮರಕ್ಕೆ ಬಿಗಿದೆವು. ಅಲ್ಲಿ ಮೂರು ಮೀಟರ್ ಮಣ್ಣು ಒಂದೇ ಸಲಕ್ಕೆ ಬಂತು. ಕೊಳವೆಯ ಎರಡೂ ಬಾಯಿ ಮುಚ್ಚಿ, ಮೇಲಿನ ತುದಿ ಯಾವುದೆಂದು ಬಾಣದ ಗುರುತು ಹಾಕಿದೆವು. ದಂಡೆಯ ಹತ್ತಿರ ಎಂಬುದು ಆಗ ನಮಗೆ ಅನುಕೂಲ ಮಾತ್ರವಾಗಿತ್ತು.

ಮೇಷ್ಟ್ರು ಬಂದದ್ದು ಆ ಮೂರನೆಯ ದಿನ. ಎಪ್ಪತ್ತು ದಾಟಿದವರು, ಬಿಳಿ ಪಂಚೆ, ಕೈಯಲ್ಲಿ ಕೊಡೆ.

“ಹ್ವಾಯ್, ಕೆರೆಯಗೆ ಎಂತ ಹುಡ್ಕುದ್ ನೀವ್? ಬಂಗಾರ್ವಾ?” ಎಂದು ದಂಡೆಯಿಂದಲೇ ಕೂಗಿದರು.

“ಬರೀ ಮಣ್ಣ್,” ಅಂದೆ.

“ಮಣ್ಣ್ ಗದ್ದೆಯಗೂ ಇತ್ತಲ್ದಾ?”

“ಗದ್ದೆ ಮಣ್ಣನ್ನ ವರ್ಷ ವರ್ಷ ಹೂಡ್ತ್ರ್. ಕೆರೆ ಮಣ್ಣ್ ಪದರ ಪದರ ಹಾಂಗೇ ಕೂಕಂಡಿರತ್ತ್. ಬಾರ್ಕೂರ್ ದೊಡ್ಡ ಊರಾಗಿದ್ದ ಕಾಲದ ಹವೆ ಅದ್ರಗೆ ಸಿಕ್ಕುತ್ತಾ ಅಂತ ಕಾಂಬುಕೆ ಬಂದದ್ದ್.”

ಅವರು ಕೊಡೆ ಮಡಚಿ ದಂಡೆಯ ಮೇಲೆ ಕೂತೇ ಬಿಟ್ಟರು. ಕೆಲಸ ಮುಗಿಯುವವರೆಗೆ ಏಳಲಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಸುತ್ತಲಿನ ಒಂದೊಂದು ಶಾಸನದ ಕಲ್ಲನ್ನೂ ಓದಿ ನೋಟು ಪುಸ್ತಕಗಳಲ್ಲಿ ಇಳಿಸಿಕೊಂಡಿದ್ದರು. ಆ ಸಂಜೆ ಅವರ ಮನೆಯ ಜಗಲಿಯಲ್ಲಿ ನಮಗೆ ಕಾಫಿ ಕೊಟ್ಟು, ಆ ಪುಸ್ತಕಗಳನ್ನು ತಂದಿಟ್ಟರು.

“ರಾಜ ಹೋದ, ಇನ್ನೊಬ್ಬ ಬಂದ, ಅದ್ ಕಲ್ಲಗೆ ಬರ್ದಿತ್. ಆರೆ ಬೀದಿ ಬೀದಿ ಜನ ಎಲ್ಲಿಗ್ ಹೋದ್ರ್? ಎಂತಕೆ ಹೋದ್ರ್? ಶಾಪ ಅಂಬ್ರ್, ಯುದ್ಧ ಅಂಬ್ರ್, ಹೊಳಿ ಹೂಳ್ ತುಂಬಿತ್ ಅಂಬ್ರ್. ಮೂವತ್ತ್ ವರ್ಷ ಆಯ್ತ್, ನಂಗೆ ಒಂದೂ ಒಪ್ಪೂದಿಲ್ಲೆ,” ಅಂದರು.

ನನ್ನ ಕೆಲಸದ ಬಗ್ಗೆ ಅಷ್ಟು ಆಸಕ್ತಿಯಿಂದ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಸಂತೋಷವಾಯಿತು. ಆ ಸಂತೋಷವೇ ಮುಂದೆ ನನ್ನ ಬಾಯಿಯನ್ನು ಸಡಿಲ ಮಾಡಿತು.

ಪ್ರಯೋಗಾಲಯದಲ್ಲಿ ಕೊಳವೆಯನ್ನು ಉದ್ದಕ್ಕೆ ಸೀಳಿದೆವು. ಅರ್ಧ ಭಾಗವನ್ನು ಹಾಗೇ ಸುತ್ತಿ ಶೀತಲಕೋಣೆಯಲ್ಲಿ ಇಟ್ಟು, ಇನ್ನರ್ಧವನ್ನು ಒಂದೊಂದು ಸೆಂಟಿಮೀಟರಿಗೆ ಕತ್ತರಿಸಿ ಚೀಲಗಳಲ್ಲಿ ಹಾಕಿದೆವು. ಒಣಗಿಸುವುದು, ಪುಡಿ ಮಾಡುವುದು, ದ್ರಾವಕದಲ್ಲಿ ಕೊಬ್ಬನ್ನು ಬಿಡಿಸುವುದು, ಯಂತ್ರಕ್ಕೆ ಕೊಡುವುದು. ಏಳು ತಿಂಗಳು ಹಿಡಿಯಿತು. ಬಂದ ಅಂಕಿಗಳಿಂದ ಉಷ್ಣತೆಯ ಗೆರೆ ಎಳೆದರೆ, ಮೇಲಿನಿಂದ ಸುಮಾರು ಒಂದು ಮೀಟರ್ ಕೆಳಗೆ ಅದು ಸ್ಪಷ್ಟವಾಗಿ ಕುಸಿದಿತ್ತು. ಆ ಪದರಗಳು ಸುತ್ತಲಿನವಕ್ಕಿಂತ ತಂಪು. ಕಾಲನಿರ್ಣಯಕ್ಕೆ ನಾವು ಎರಡೇ ಮಾದರಿ ಕಳಿಸಿದ್ದೆವು, ಮೇಲ್ಭಾಗದಿಂದ ಒಂದು, ಬುಡದಿಂದ ಒಂದು. ಆ ಎರಡರ ನಡುವೆ ಸಮವಾಗಿ ಹಂಚಿ ಲೆಕ್ಕ ಹಾಕಿದರೆ ತಂಪಿನ ಪದರ ಸರಿಯಾಗಿ ಬಾರ್ಕೂರು ಬಡವಾದ ಕಾಲಕ್ಕೆ ಬಂದು ಕೂರುತ್ತಿತ್ತು.

“ತಂಪು ಕಂಡ ಜಾಗದ ಮಣ್ಣಿನದೇ ವಯಸ್ಸು ನೋಡದೆ ಏನೂ ಹೇಳಬಾರದು ಸರ್,” ಎಂದು ಸಹೋದ್ಯೋಗಿ ಹೇಳಿದಳು. “ಎರಡು ಕಡೆ ಗೂಟ ನೆಟ್ಟು ನಡುವೆ ಹಗ್ಗ ಕಟ್ಟಿದ ಹಾಗಿದೆ ಇದು. ನಡುವೆ ನೆಲ ಹೇಗಿದೆಯೋ ನಮಗೆ ಗೊತ್ತಿಲ್ಲ.”

“ಕಳಿಸೋಣ,” ಅಂದೆ. ಕಳಿಸಿದೆವು ಕೂಡ. ಆದರೆ ಉತ್ತರಕ್ಕೆ ಕಾಯದೆ ಪ್ರಬಂಧವನ್ನು ಪತ್ರಿಕೆಗೆ ಕಳಿಸಿದೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕೆರೆಗಳನ್ನೆಲ್ಲ ಹೀಗೆ ಓದುವ ಒಂದು ದೊಡ್ಡ ಯೋಜನೆಗೆ ಅರ್ಜಿಯನ್ನೂ ಹಾಕಿದೆ. ಅರ್ಜಿಯ ಮೊದಲ ಪುಟದಲ್ಲಿ ಆ ಗೆರೆಯ ಚಿತ್ರವಿತ್ತು.

ಅದೇ ಚಿತ್ರದ ಒಂದು ಪ್ರತಿಯನ್ನು ಮೇಷ್ಟ್ರಿಗೆ ತೋರಿಸಲು ಬಾರ್ಕೂರಿಗೆ ಹೋದೆ. ಇದನ್ನು ಯಾರೂ ನನ್ನಿಂದ ಮಾಡಿಸಲಿಲ್ಲ. ಜಗಲಿಯಲ್ಲಿ ಹಾಳೆ ಹರಡಿ, ತಂಪಿನ ವರ್ಷಗಳಲ್ಲಿ ಮುಂಗಾರು ಸೊರಗಬಹುದು, ಮಳೆ ಸೊರಗಿದರೆ ಭತ್ತ ಕಡಿಮೆ, ಭತ್ತ ಕಡಿಮೆಯಾದರೆ ವ್ಯಾಪಾರವೂ ಕಡಿಮೆ ಎಂದು ವಿವರಿಸಿದೆ. ಮೇಷ್ಟ್ರು ಕುಸಿದ ಗೆರೆಯ ಮೇಲೆ ಬೆರಳಿಟ್ಟರು.

“ಇದೇ ಕಾಲ ಮಾರಾಯ್ರೆ. ನನ್ನ ಲೆಕ್ಕಕ್ಕೂ ಇದೇ ಕಾಲ.”

“ಇನ್ನೂ ಪಕ್ಕಾ ಅಲ್ಲ ಮೇಷ್ಟ್ರೆ,” ಅಂದೆ. ಅಂದ ರೀತಿ ಹೇಗಿತ್ತೆಂದರೆ, ವಿನಯಕ್ಕೆ ಹೇಳುತ್ತಿದ್ದೇನೆ ಎಂದು ಯಾರಿಗಾದರೂ ಅನಿಸಬೇಕು.

ಅವರು ಗೆರೆಯಿಂದ ಬೆರಳು ತೆಗೆಯದೆ ಕೇಳಿದರು: “ನಾನ್ ಬಾರ್ಕೂರಿನ ಬಗ್ಗೆ ಒಂದ್ ಸಣ್ಣ ಪುಸ್ತಕ ಬರೀತಾ ಇದ್ದೆ. ಕಡೇ ಅಧ್ಯಾಯ ನಿಂತೇ ಹೋಯಿತ್. ನಿಮ್ಮ ಈ ಗೆರೆಯನ್ನ ಅದ್ರಗೆ ಹಾಕ್ಲಕ್ಕಾ?”

“ಹಾಕಿ,” ಅಂದೆ.

ಮೂರನೆಯ ಮಾದರಿಯ ಫಲಿತಾಂಶ ಏಪ್ರಿಲ್‌ನಲ್ಲಿ ಬಂತು. ಪುಸ್ತಕ ಅಷ್ಟರಲ್ಲಿ ಅಚ್ಚಾಗಿತ್ತು, ಸಾಲಿಗ್ರಾಮದ ಒಂದು ಸಭಾಭವನದಲ್ಲಿ ಬಿಡುಗಡೆಗೆ ಎಂಟು ದಿನ ಉಳಿದಿತ್ತು. ಬಿಡುಗಡೆ ಮಾಡಬೇಕಾದವನು ನಾನೇ. ತಂಪಿನ ಪದರದಲ್ಲಿ ಸಿಕ್ಕಿದ ಎಲೆಯ ಚೂರು ಕೊಳವೆಯ ಬುಡದ ಮಣ್ಣಿಗಿಂತಲೂ ಹಳೆಯದು ಎಂದು ವರದಿಯಲ್ಲಿತ್ತು. ಒಂದು ಮೀಟರಿನಲ್ಲಿರುವುದು ಮೂರು ಮೀಟರಿನಲ್ಲಿರುವುದಕ್ಕಿಂತ ಹಳೆಯದು.

ಸಹೋದ್ಯೋಗಿ ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟು ನಿಂತಳು. “ಅವರಿಗೆ ಇವತ್ತೇ ಹೇಳಿಬಿಡಿ ಸರ್.”

“ಒಂದೇ ಮಾದರಿ. ಹಳೆಯ ಎಲೆ ಎಲ್ಲಿಂದಲೋ ಕೊಚ್ಚಿಕೊಂಡು ಬಂದಿರಬಹುದು. ಇನ್ನೊಂದು ಕಳಿಸೋಣ.”

“ಕಳಿಸೋಣ. ಅದು ಬರುವವರೆಗಾದರೂ ಬಿಡುಗಡೆ ಮುಂದೆ ಹಾಕಲು ಹೇಳಿ.”

ಹಳೆಯ ಎಲೆ ಕೊಚ್ಚಿಕೊಂಡು ಬರುವುದು ಉಂಟು, ನಾನು ಹೇಳಿದ್ದು ಸುಳ್ಳಲ್ಲ. ಆದರೆ ನಾನು ಅದನ್ನು ನಂಬಿ ಹೇಳಲಿಲ್ಲ. ಆಮಂತ್ರಣ ಪತ್ರಿಕೆ ಹಂಚಿಯಾಗಿದೆ, ಈಗ ಹೇಳಿದರೆ ಮೇಷ್ಟ್ರಿಗೆ ಆಘಾತವಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಜಿಯ ಸಂದರ್ಶನ ಆ ತಿಂಗಳ ಕೊನೆಗಿತ್ತು ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಎಂಟು ದಿನದಲ್ಲಿ ಮೂರು ಸಲ ಮೇಷ್ಟ್ರ ಫೋನು ಬಂತು. ಊಟಕ್ಕೆ ಎಷ್ಟು ಜನ, ನೀವು ಯಾವ ಬಸ್ಸಿಗೆ ಬರುತ್ತೀರಿ, ಹಾರ ಬೇಡ ಅಂತೀರಾ ಹೇಗೆ. ಮೂರು ಸಲವೂ ಉತ್ತರ ಕೊಟ್ಟೆ.

ಸಭೆಗೆ ಇನ್ನೂರು ಜನ ಸೇರಿದ್ದರು. ಅವರ ಹಳೆಯ ವಿದ್ಯಾರ್ಥಿಗಳು, ಯಕ್ಷಗಾನದ ಕಲಾವಿದರು, ಅಂಗಡಿಯವರು, ಕುಂದಾಪುರದಿಂದ ಬಂದ ಶಿಕ್ಷಕರು. ಮೇಷ್ಟ್ರು ಕೊನೆಯಲ್ಲಿ ಎದ್ದು, ಬರೆದುಕೊಂಡು ಬಂದದ್ದನ್ನು ಬದಿಗಿಟ್ಟು ಮಾತಾಡಿದರು. “ಎಲ್ಲರೂ ಕಲ್ಲಗೆ ಹುಡ್ಕಿದ್ರ್. ನಾನೂ ಮೂವತ್ತ್ ವರ್ಷ ಕಲ್ಲಗೇ ಹುಡ್ಕಿದೆ. ಉತ್ತರ ಮಣ್ಣಗೆ ಇದ್ದಿತ್. ನಲವತ್ತೊಂದನೇ ಪುಟ ಕಾಣಿ,” ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಐದು ನಿಮಿಷ ಮಾತಾಡಿದೆ. ಅವರ ಶ್ರಮ, ಶಿಸ್ತು, ಶಾಸನಗಳ ಓದು ಇವನ್ನೆಲ್ಲ ಹೊಗಳಿದೆ. ಆ ಐದು ನಿಮಿಷದಲ್ಲಿ ಒಂದು ವಾಕ್ಯವೂ ಸುಳ್ಳಿರಲಿಲ್ಲ. ಅಷ್ಟು ಎಚ್ಚರಿಕೆಯಿಂದ ಮಾತಾಡಿದ್ದೇ ನನ್ನ ಅಪರಾಧಕ್ಕೆ ಸಾಕ್ಷಿ.

ನಾಲ್ಕು ದಿನ ಕಳೆದು ನಾನೊಬ್ಬನೇ ಕೆರೆಗೆ ಹೋದೆ. ಕೆಳಗಿನ ಗದ್ದೆ ಮಾಡುವ ಹೆಂಗಸು ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಅರವತ್ತರ ಪ್ರಾಯ. ಹಿಂದಿನ ವರ್ಷ ಮೂರು ದಿನವೂ ನಮಗೆ ಚಹ ತಂದುಕೊಟ್ಟವರು ಅವರೇ.

“ಅಕ್ಕಾ, ಈ ಕೆರೆಯ ಹೂಳ್ ಯಾರಾರೂ ತೆಗ್ದದ್ದ್ ಇತ್ತಾ?” ಎಂದು ಕೇಳಿದೆ.

“ತೆಗೀದೆ ಇಪ್ಪುಕಿತ್ತಾ?” ಎಂದು ಕತ್ತಿ ಕೆಳಗಿಟ್ಟರು. “ಅಜ್ಜಯ್ಯನ ಕಾಲದಗೆ ಒಂದ್ ಬೇಸ್ಗಿಗೆ ನೀರ್ ಪೂರಾ ಆರಿತ್ ಅಂಬ್ರ್. ನೀರ್ ಸಿಕ್ಲಿ ಅಂತ ಊರೋರೆಲ್ಲ ಇಳ್ದ್ ನಡೂಕೆ ಆಳದ ಗುಂಡಿ ತೋಡಿದ್ರ್. ಮಣ್ಣನ್ನ ಈ ದಂಡಿ ಮೇಲೆ ರಾಶಿ ಹಾಕಿದ್ರ್, ಗದ್ದಿಗೆ ಹೊರೂಕೆ. ಹೊರೂದ್ರೊಳ್ಗೆ ಮಳಿ ಬಂತ್. ಅರ್ಧ ರಾಶಿ ಜರ್ದ್ ವಾಪಸ್ ಕೆರೆಗೇ ಬಿತ್ತ್.”

“ಯಾವ ಬದಿಯಗೆ?”

“ಇಲ್ಲೇ. ನೀವ್ ಡ್ರಮ್ ಕಟ್ಟಿದ್ರಿ ಕಾಣಿ, ಅದೇ ಬದಿ.”

ನಡು ಕೆರೆಯ ಆಳದಿಂದ ಬಂದ ಬಹಳ ಹಳೆಯ ಮಣ್ಣು ದಂಡೆಗೆ ಏರಿ, ಅಲ್ಲಿಂದ ಜರಿದು, ದಂಡೆಯ ಬದಿಯ ಹೊಸ ಮಣ್ಣಿನ ಮೇಲೆ ಕೂತಿತ್ತು. ನಾವು ಅಳೆದದ್ದು ಬಾರ್ಕೂರು ಖಾಲಿಯಾದ ಕಾಲದ ತಂಪನ್ನಲ್ಲ. ಅದು ಯಾವ ಕಾಲದ್ದೋ ಹೇಳುವಂತಿರಲಿಲ್ಲ.

ನನ್ನ ಮುಖ ನೋಡಿ ಅವರಿಗೆ ಏನನಿಸಿತೋ. “ಹೇಳುವಷ್ಟ್ ದೊಡ್ಡ ಸಂಗತಿ ಅಂತ ನಂಗೆ ಗೊತ್ತಿರ್ಲಿಲ್ಲೆ. ನೀವ್ ಮೂರ್ ದಿನ ಇಲ್ಲೇ ಇದ್ರಿ. ಕೇಂಡ್ರೆ ಹೇಳ್ತಿದ್ದೆ,” ಅಂದರು.

ಪ್ರಯೋಗಾಲಯಕ್ಕೆ ಹಿಂತಿರುಗಿ, ಕತ್ತರಿಸದೆ ಇಟ್ಟಿದ್ದ ಅರ್ಧ ಕೊಳವೆಯನ್ನು ಹೊರತೆಗೆದೆವು. ಒಂದು ಮೀಟರಿನ ಹತ್ತಿರ ಪದರದ ಅಂಚು ಓರೆಯಾಗಿತ್ತು. ಅದರಲ್ಲಿ ಮುರಕಲ್ಲಿನ, ಅಂದರೆ ನಮ್ಮ ಕಡೆಯ ಕೆಂಪು ಕಲ್ಲಿನ, ಸಣ್ಣ ಚೂರುಗಳಿದ್ದವು. ನಿಂತ ನೀರಿನಲ್ಲಿ ತಾನಾಗಿ ಕೂತ ಹೂಳಿನಲ್ಲಿ ಅವು ಇರುವುದು ಸಹಜವಲ್ಲ. ನಮ್ಮ ದಾಖಲೆ ಪುಸ್ತಕ ತೆರೆದು ನೋಡಿದರೆ ಆ ಆಳಕ್ಕೆ ಎದುರಾಗಿ ‘ಕಲ್ಲಿನ ಚೂರು’ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಬರೆದು ಮುಂದಿನ ಸಾಲಿಗೆ ಹೋಗಿದ್ದೆ.

ಆಮೇಲೂ ಎರಡು ವಾರ ತಡಮಾಡಿದೆ. ನಾಲ್ಕನೆಯ ಮಾದರಿ ಬರಲಿ ಎನ್ನುವುದು ನೆಪ. ಅರ್ಜಿಯ ಸಂದರ್ಶನದ ಹಿಂದಿನ ದಿನ ಸಹೋದ್ಯೋಗಿ ನನ್ನ ಕೋಣೆಗೆ ಬಂದು, “ನಾಳೆ ಆ ಚಿತ್ರ ತೋರಿಸುತ್ತೀರಾ ಸರ್?” ಎಂದಷ್ಟೇ ಕೇಳಿದಳು. ನಾನು ಅರ್ಜಿಯ ಮೊದಲನೆಯ ಪುಟ ತೆರೆದಿಟ್ಟುಕೊಂಡು ಕೂತಿದ್ದೆ. ಆ ಗೆರೆಯನ್ನು ತೋರಿಸುತ್ತ ಐದು ಜನ ಪರಿಣತರ ಮುಂದೆ ಇನ್ನೊಂದು ಎಚ್ಚರಿಕೆಯ ಭಾಷಣ ಮಾಡುವುದನ್ನು ಯೋಚಿಸಿದೆ, ಆ ಪುಟ ಮುಚ್ಚಿದೆ. ಅಲ್ಲೇ ಕೂತು ಪತ್ರಿಕೆಗೆ ಆ ಎರಡು ವಾಕ್ಯ ಬರೆದು ಪ್ರಬಂಧ ಹಿಂತೆಗೆದುಕೊಂಡೆ, ಅರ್ಜಿಯನ್ನೂ ಹಿಂತೆಗೆದುಕೊಂಡೆ. ಮೂರನೆಯ ದಿನ ಬಾರ್ಕೂರಿನ ಬಸ್ಸು ಹತ್ತಿದೆ.

ಮೇಷ್ಟ್ರು ನಾನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು. ಮಣ್ಣು ಜರಿದದ್ದು, ಎಲೆಯ ವಯಸ್ಸು, ಕಲ್ಲಿನ ಚೂರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ಇದ್ ನಿಮ್ಗೆ ಯಾವಾಗ ಗೊತ್ತಾಯ್ತ್?”

ತಪ್ಪಿಸಿಕೊಳ್ಳಲು ಇನ್ನೂ ದಾರಿಯಿತ್ತು. ಕೆರೆಯ ಹೆಂಗಸಿನ ಮಾತು ಕೇಳಿದ ದಿನವನ್ನು ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ.

“ಬಿಡುಗಡೆಗೆ ಎಂಟ್ ದಿನ ಮೊದ್ಲ್ ಸಂಶಯ ಬಂದಿತ್ ಮೇಷ್ಟ್ರೆ.”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. “ಸಂಶಯ ಅಂತ ಹೇಳಿದ್ರೂ ಸಾಕಿದ್ದಿತ್,” ಅಂದರು. “ಒಂದ್ ಪುಟ ಹರ್ದ್ ತೆಗೂಕೆ ಎಂಟ್ ದಿನ ಧಾರಾಳ ಆಯ್ತ್.”

ಅದಕ್ಕಿಂತ ಹೆಚ್ಚು ಅವರು ನನ್ನನ್ನು ಏನೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಹಾಳೆ ತಂದು, ನನ್ನೆದುರೇ ಕೂತು ಬರೆದರು. ‘ನಲವತ್ತೊಂದನೆಯ ಪುಟದಲ್ಲಿ ಕೆರೆಯ ಮಣ್ಣಿನ ಆಧಾರದಿಂದ ಹೇಳಿರುವ ಮಾತು ಸರಿಯಲ್ಲ. ಇದು ಲೇಖಕನ ಅವಸರದಿಂದ ಆದ ತಪ್ಪು. ಓದುಗರು ಕ್ಷಮಿಸಬೇಕು.’

“ಮೇಷ್ಟ್ರೆ, ತಪ್ಪ್ ನಂದ್. ನನ್ನ ಹೆಸ್ರ್ ಹಾಕಿ.”

“ಪುಸ್ತಕದ ಮೇಲೆ ಯಾರ್ ಹೆಸ್ರ್ ಇತ್ತ್?”

“ನಿಮ್ದ್.”

“ಹಾಂಗಾರೆ ಮುಗೀತಲ್ದಾ.”

ಬ್ರಹ್ಮಾವರದ ಒಂದು ಮುದ್ರಣಾಲಯದಲ್ಲಿ ಆ ಮೂರು ಸಾಲನ್ನು ಸಣ್ಣ ಚೀಟಿಗಳಾಗಿ ಅಚ್ಚು ಹಾಕಿಸಿದರು. ಮನೆಯಲ್ಲಿ ಉಳಿದಿದ್ದ ಪ್ರತಿಗಳಿಗೆ ನಾವಿಬ್ಬರೂ ಒಂದೇ ದಿನದಲ್ಲಿ ಅಂಟಿಸಿದೆವು. ಹೊರಗೆ ಹೋದ ಪ್ರತಿಗಳ ಪಟ್ಟಿ ಅವರಲ್ಲಿತ್ತು. ಅಂಚೆಯಲ್ಲಿ ಕಳಿಸೋಣ ಎಂದೆ. ಕಳಿಸಿದರೆ ಯಾರೂ ಅಂಟಿಸುವುದಿಲ್ಲ, ನಾನೇ ಹೋಗಬೇಕು ಅಂದರು. ಮಳೆ ಶುರುವಾಗುವ ಮೊದಲಿನ ಧಗೆಯಲ್ಲಿ ನಾಲ್ಕು ದಿನ ಹೆದ್ದಾರಿಯ ಬಸ್ಸುಗಳಲ್ಲಿ ಓಡಾಡಿದೆವು. ಪ್ರತಿ ನಿಲ್ದಾಣದಲ್ಲೂ ಅವರು ಮೆಟ್ಟಿಲಿನ ಕಂಬಿ ಹಿಡಿದು, ಒಂದೊಂದೇ ಕಾಲನ್ನು ನೆಲಕ್ಕೆ ಊರಿ ಇಳಿಯುತ್ತಿದ್ದರು.

ಸಾಲಿಗ್ರಾಮದ ಹೋಟೆಲಿನವರು ಚೀಟಿ ಅಂಟಿಸಲು ಒಪ್ಪಲೇ ಇಲ್ಲ. “ಬೇಡ ಮೇಷ್ಟ್ರೆ. ಹಾಂಗೇ ಇರ್ಲಿ. ಓದೂಕೆ ಎಷ್ಟ್ ಚೆಂದ ಇತ್ತ್ ಆ ಪುಟ!”

“ಚೆಂದ ಹೌದ್,” ಅಂದರು ಮೇಷ್ಟ್ರು. “ಅದ್ಕೇ ನಾನೂ ನಂಬಿದ್ದ್. ಪುಸ್ತಕ ಕೊಡಿ ಇಲ್ಲಿ.”

ಕೊನೆಯ ದಿನ ಕುಂದಾಪುರದ ಒಂದು ಶಾಲೆಗೆ ಹೋದೆವು. ಅಲ್ಲಿನ ಮುಖ್ಯೋಪಾಧ್ಯಾಯರು ಮೇಷ್ಟ್ರ ಹಳೆಯ ವಿದ್ಯಾರ್ಥಿ. ಶಿಕ್ಷಕರ ಕೋಣೆಯಲ್ಲಿ ಏಳೆಂಟು ಜನ ಇದ್ದರು. ಮುಖ್ಯೋಪಾಧ್ಯಾಯರು ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ನಗುತ್ತ, “ಎಂತ ಸರ್ ಇದ್? ನಮ್ಗೆ ಪರೀಕ್ಷೆಯಗೆ ಅವಸರ ಮಾಡ್ಬೇಡಿ ಅಂತ ಹೇಳ್ದೋರ್ ನೀವೇ ಅಲ್ದಾ? ನೀವೇ ಅವಸರ ಮಾಡುದಾ?” ಅಂದರು.

ಕೋಣೆಯಲ್ಲಿ ಎಲ್ಲರೂ ನಕ್ಕರು. ಅದರಲ್ಲಿ ಕೆಡುಕೇನೂ ಇರಲಿಲ್ಲ, ಗುರುಗಳನ್ನು ಕಂಡ ಸಲಿಗೆ. ಮೇಷ್ಟ್ರೂ ನಕ್ಕು, “ಪ್ರಾಯ ಆಯ್ತಲ್ದಾ ಮಾರಾಯ,” ಅಂದರು.

ಅವರ ಕಿವಿ ಕೆಂಪಗಾಗಿತ್ತು. ಏಳೆಂಟು ಜನ, ಒಂದು ಮೇಜು, ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: ತಪ್ಪು ನನ್ನದು. ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ. ನಾನು ಹೇಳುತ್ತೇನೆ ಎಂದು ಅವರು ಕಾಯುತ್ತಿರಲಿಲ್ಲ.

ನಾನು ಗೋಂದಿನ ಬಾಟಲಿಯ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟೆ.